ನುಗ್ಗುವವಳನ್ನು ಹುಡುಕಿದ ಚಳಿಗಾಲ

ಆ ವರ್ಷದ ಕೊನೆಯ ಪಂದ್ಯ ಸೋತು ಬಂದ ಮೇಲೆ ನಮ್ಮ ಕೋಚ್ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡರು. "ಎದುರಿನ ತಂಡದವಳಿಗೆ ಚೆಂಡು ಎಸೆಯುವ ಮುಂಚೆ ಒಂದು ಕಾಫಿ ಕುಡಿಯುವಷ್ಟು ಪುರುಸೊತ್ತು ಸಿಗುತ್ತಿದೆ. ಈ ಚಳಿಗಾಲದಲ್ಲಿ ನಮಗೆ ಒಳ್ಳೆಯ ಪಾಸ್ ರಷರ್‌ಗಳು ಬೇಕು" ಎಂದರು. ಹೇಳುವಾಗ ನನ್ನ ಕಡೆ ನೋಡದಿರಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಆ ಜಾಗಕ್ಕೆ ಇದ್ದವರು ಇಬ್ಬರೇ. ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೊರಟಿದ್ದಳು. ಇನ್ನೊಬ್ಬಳು ನಾನು.

ನಾವು ಆಡುತ್ತಿದ್ದದ್ದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ಟು, ಭುಜಕ್ಕೆ ದಪ್ಪ ಪ್ಯಾಡು ಹಾಕಿಕೊಂಡು ಆಡುವ ಅಮೆರಿಕದ ಫುಟ್‌ಬಾಲ್. ಒಬ್ಬಳು ಹಿಂದೆ ನಿಂತು ಚೆಂಡನ್ನು ದೂರಕ್ಕೆ ಎಸೆಯುತ್ತಾಳೆ, ಅವಳ ಮುಂದೆ ಗೋಡೆಯ ಹಾಗೆ ಐದು ಜನ ಕಾಯುತ್ತಾರೆ. ಆ ಗೋಡೆ ದಾಟಿ, ಚೆಂಡು ಕೈಬಿಡುವ ಮೊದಲೇ ಅವಳನ್ನು ನೆಲಕ್ಕೆ ಕೆಡವಬೇಕಾದವಳು ಪಾಸ್ ರಷರ್. ಜರ್ಮನಿಯ ನ್ಯೂರೆಂಬರ್ಗಿನ ಹತ್ತಿರದ ಒಂದು ಸಣ್ಣ ಊರಿನ ಹೆಂಗಸರ ತಂಡ ನಮ್ಮದು. ಮೈಸೂರಲ್ಲಿ ಹುಟ್ಟಿದಾಗಿನಿಂದ ಎಲ್ಲರೂ ನನಗೆ ತೂಕ ಇಳಿಸು ಅಂತ ಬುದ್ಧಿ ಹೇಳಿದವರೇ. ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಹಿಡಿದು ಇಲ್ಲಿನ ಐಟಿ ಕಂಪನಿ ಸೇರಿದ ಮೇಲೆ ಆಫೀಸಿನ ಗೆಳತಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ನಮ್ಮ ತಂಡಕ್ಕೆ ಬಾ" ಎಂದಳು. ನನ್ನ ಮೈಯನ್ನು ನೋಡಿ ಯಾರಾದರೂ ಖುಷಿಪಟ್ಟದ್ದು ಅದೇ ಮೊದಲು. ಆದರೆ ನನಗೆ ಭಾರವಿತ್ತು, ಚುರುಕು ಇರಲಿಲ್ಲ. ಗೋಡೆಯನ್ನು ತಳ್ಳುತ್ತಿದ್ದೆ, ದಾಟುತ್ತಿರಲಿಲ್ಲ.

ಹುಡುಕಾಟ ಶುರುವಾಯಿತು. ಒಬ್ಬಳು ಜೂಡೋ ಕಲಿತವಳು ಬಂದು, ಒಂದು ದಿನ ಅಭ್ಯಾಸ ಮಾಡಿ, ಹೆಲ್ಮೆಟ್ಟಿನ ವಾಸನೆ ಸಹಿಸಲಾಗದೆ ಹೋದಳು. ಎತ್ತರದ ಇಬ್ಬರು ಬಾಸ್ಕೆಟ್‌ಬಾಲ್ ಹುಡುಗಿಯರು ಬಂದರು. ಮೈಗೆ ಮೈ ತಾಗಿದ ಕೂಡಲೇ ಸಾರಿ ಕೇಳುತ್ತಿದ್ದರು. ಕೋಚ್ ಫಿಸಿಯೋಥೆರಪಿಸ್ಟ್ ಆಗಿದ್ದರಿಂದ ತಮ್ಮ ಹತ್ತಿರ ಮಂಡಿನೋವಿಗೆ ಬರುವ ಗಟ್ಟಿ ಹೆಂಗಸರನ್ನೂ ಬಿಡದೆ ಕೇಳುತ್ತಿದ್ದರಂತೆ.

ನಾವು ಹುಡುಕುತ್ತಿದ್ದವಳು ನನಗೆ ಸಿಕ್ಕಿದ್ದು ಇಲ್ಲಿನ ಕನ್ನಡಿಗರ ರಾಜ್ಯೋತ್ಸವದಲ್ಲಿ. ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಬಿಸಿಬೇಳೆಬಾತಿನ ಊಟ ಮುಗಿದ ಮೇಲೆ ಹೆಂಗಸರಿಗೆ ಅಂತ ತಮಾಷೆಗೆ ಕಬಡ್ಡಿ ಇಟ್ಟಿದ್ದರು. ಮ್ಯಾಟ್ ಹಾಸಿ, ಸೀರೆ ಸೆರಗು ಬಿಗಿದು, ನಗುತ್ತ ನಗುತ್ತ ಆಡುತ್ತಿದ್ದರು. ನಾನು ರೈಡಿಗೆ ಹೋದೆ. ಮೂಲೆಯಲ್ಲಿ ಚೂಡಿದಾರ ತೊಟ್ಟ ಒಬ್ಬಳು ಸುಮ್ಮನೆ ಬಾಗಿ ನಿಂತಿದ್ದಳು. ಅವಳು ಅಲ್ಲಾಡಿದ್ದು ನನಗೆ ಕಾಣಲೇ ಇಲ್ಲ. ನನ್ನ ಹಿಮ್ಮಡಿ ಅವಳ ಕೈಯಲ್ಲಿತ್ತು, ನಾನು ನೆಲದ ಮೇಲಿದ್ದೆ.

"ಅಯ್ಯೋ, ಪೆಟ್ಟಾಯ್ತಾ ಅಕ್ಕ?" ಎಂದು ಕೈಕೊಟ್ಟು ಎಬ್ಬಿಸಿದಳು.

"ಇಲ್ಲ ಕಣೇ. ನೀನು ಎಲ್ಲಿ ಆಡಿದ್ದು ಇದನ್ನ?"

"ಕಾಲೇಜಲ್ಲಿ. ಈಗ ಎಲ್ಲ ಬಿಟ್ಟಾಯ್ತು."

ಅವಳು ಮಂಗಳೂರಿನ ಕಡೆಯವಳು. ಮೆಕ್ಯಾನಿಕಲ್ ಎಂಜಿನಿಯರ್. ಹತ್ತಿರದ ಹರ್ಟ್ಸೋಗೆನಾವ್‌ರಾಕ್ ಎಂಬ ಊರಿನಲ್ಲಿ ಯಂತ್ರದ ಬಿಡಿಭಾಗಗಳ ವಿನ್ಯಾಸ ಮಾಡುವ ಚಿಕ್ಕ ಕಂಪನಿಯೊಂದರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು, ಇನ್ನೂ ಪ್ರೊಬೇಷನ್ನು. ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ನಮ್ಮ ತಂಡದ ಕಥೆಯನ್ನೆಲ್ಲ ಹೇಳಿದೆ. ಅವಳು ನಕ್ಕು ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. "ಬಸ್ಸು ಉಂಟಾ ಅಲ್ಲಿಗೆ?" ಎಂದು ಕೇಳಿದಳು.

ಮೊದಲ ಅಭ್ಯಾಸ ಶಾಲೆಯೊಂದರ ಜಿಮ್ ಹಾಲಿನಲ್ಲಿ. ಪ್ಯಾಡು ತೊಡಿಸಿದಾಗ ಆಮೆಯ ಹಾಗೆ ಆಗಿದ್ದಳು. ಎದುರಿಗೆ ನಿಂತವಳು ನಮ್ಮ ತಂಡದಲ್ಲೇ ಅತಿ ಗಟ್ಟಿಗಿತ್ತಿ, ಬೇಕರಿ ನಡೆಸುವ ಹೆಂಗಸು. ಕೋಚ್ ಸೀಟಿ ಊದಿದರು. ಇವಳು ಒಂದು ಹೆಜ್ಜೆ ಎಡಕ್ಕೆ ಹೋಗುವ ಹಾಗೆ ಮಾಡಿ, ಭುಜ ನೆಲಕ್ಕೆ ತಾಗುವಷ್ಟು ಬಗ್ಗಿ, ಬಲಗಡೆಯಿಂದ ದಾಟಿಯೇ ಬಿಟ್ಟಳು. ಬೇಕರಿಯವಳು ತಿರುಗಿ ನೋಡುವಷ್ಟರಲ್ಲಿ ಚೆಂಡು ಎಸೆಯುವವಳ ಸೊಂಟ ಇವಳ ತೋಳಲ್ಲಿತ್ತು. ಕೋಚ್ "ಇನ್ನೊಂದು ಸಲ" ಎಂದರು. ಇನ್ನೊಂದು ಸಲವೂ ಅಷ್ಟೇ ಆಯಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅವಳು ಓಡುವಾಗ ಏನೋ ಗೊಣಗುತ್ತಾಳಲ್ಲ, ಪ್ರಾರ್ಥನೆಯಾ?" ಎಂದು ಕೇಳಿದರು. ಹೆಲ್ಮೆಟ್ಟಿನೊಳಗೆ ಅವಳು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತಿದ್ದಳು.

ಆ ಚಳಿಗಾಲವೆಲ್ಲ ನಾವಿಬ್ಬರೂ ಜೊತೆಗೇ ಇದ್ದೆವು. ಅಭ್ಯಾಸದ ದಿನ ನಮ್ಮ ಮನೆಯಲ್ಲೇ ಊಟ. ನನ್ನ ಗಂಡ ಸಾರು ಮಾಡಿಟ್ಟಿರುತ್ತಿದ್ದ. ಅವಳು ಅದಕ್ಕೆ ತೆಂಗಿನಕಾಯಿ ಇಲ್ಲ ಅಂತ ಪ್ರತಿಸಲವೂ ಬೇಸರ ಮಾಡಿಕೊಂಡು, ಪ್ರತಿಸಲವೂ ಎರಡು ಬಾರಿ ಬಡಿಸಿಕೊಳ್ಳುತ್ತಿದ್ದಳು. ಒಂದು ದಿನ ಬಟ್ಟಲು ತೊಳೆಯುತ್ತ, ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಮೂರು ವರ್ಷವೂ ಹೋಗಿದ್ದನ್ನು ಹೇಳಿದಳು. ಮೂರು ವರ್ಷವೂ ಹೊರಗೆ ಬೆಂಚಿನ ಮೇಲೆ ಕೂತು ಹೆಸರು ಕರೆಯುವುದನ್ನು ಕಾದಿದ್ದಳಂತೆ.

"ನನ್ನನ್ನು ಬೇಕು ಅಂತ ಯಾರಾದ್ರೂ ಹುಡುಕಿಕೊಂಡು ಬಂದದ್ದು ಇದೇ ಮೊದಲು ಅಕ್ಕ" ಎಂದಳು. ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

ಹಿಮ ಕರಗುವ ಹೊತ್ತಿಗೆ ಪಕ್ಕದ ಊರಿನ ತಂಡದ ಜೊತೆ ಒಂದು ಅಭ್ಯಾಸ ಪಂದ್ಯ ಇಟ್ಟರು. ಅವಳು ಅವರ ಎಸೆಯುವವಳನ್ನು ಎಷ್ಟು ಸಲ ಕೆಡವಿದಳೆಂದರೆ, ಕೊನೆಕೊನೆಗೆ ಆ ಹುಡುಗಿ ಚೆಂಡು ಕೈಗೆ ಬರುವ ಮೊದಲೇ ಇವಳೆಲ್ಲಿದ್ದಾಳೆ ಎಂದು ಹುಡುಕುತ್ತಿದ್ದಳು. ಮುಗಿದ ಮೇಲೆ ಕೋಚ್ ಹೊಸ ಜೆರ್ಸಿ ತಂದು ಅವಳ ಭುಜದ ಮೇಲೆ ಹಾಕಿ, "ಹುಡುಕಾಟ ಮುಗಿಯಿತು" ಎಂದರು. ಮೊದಲ ಸಾಲಿನ ನನ್ನ ಜಾಗ ಅವಳದಾಯಿತು. ನನಗೆ ಒಳಗೆ ಒಂದಿಷ್ಟು ಚುರುಕ್ಕೆಂದದ್ದು ನಿಜ. ಆದರೆ ಅವಳು ಆ ಜೆರ್ಸಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದದ್ದನ್ನು ನೋಡಿದ ಮೇಲೆ ಅದು ಉಳಿಯಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ನನ್ನ ಆಫೀಸಿಗೆ ಫೋನ್ ಮಾಡಿದಳು.

"ಅಕ್ಕ, ಕಂಪನಿಯಲ್ಲಿ ಒಂದು ದೊಡ್ಡ ಪ್ರಾಜೆಕ್ಟು ಹೋಯ್ತಂತೆ. ಪ್ರೊಬೇಷನ್‌ನಲ್ಲಿ ಇರುವವರನ್ನೆಲ್ಲ ಬಿಡ್ತಾರಂತೆ."

"ನಿನ್ನನ್ನೂ?"

"ನಾನೊಬ್ಳೇ ಪ್ರೊಬೇಷನ್‌ನಲ್ಲಿ ಇರೋದು."

ಬ್ಲೂ ಕಾರ್ಡಿನವರಿಗೆ ಕೆಲಸವೆಂದರೆ ಕಾಲ ಕೆಳಗಿನ ನೆಲ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಕೆಲವು ತಿಂಗಳು ಕೊಡುತ್ತಾರೆ. ಅಷ್ಟರೊಳಗೆ ಸಿಗದಿದ್ದರೆ ವಾಪಸ್ಸು. ಅವತ್ತು ಸಂಜೆ ಅಭ್ಯಾಸದಲ್ಲಿ ನಾನು ಕೋಚ್‌ಗೆ ವಿಷಯ ಹೇಳಿದೆ. ಅವರು ಸೀಟಿ ಊದಿ ಆಟ ನಿಲ್ಲಿಸಿ ಎಲ್ಲರನ್ನೂ ಕರೆದರು. ಪಾಸ್ ರಷರ್‌ಗಾಗಿ ಊರೆಲ್ಲ ಹುಡುಕಿದ್ದ ತಂಡ ಈಗ ಆ ಪಾಸ್ ರಷರ್‌ಗೆ ಕೆಲಸ ಹುಡುಕಲು ನಿಂತಿತು. ಬೇಕರಿಯವಳು ತನ್ನ ಗಿರಾಕಿಗಳನ್ನು ಕೇಳಿದಳು. ಚೆಂಡು ಎಸೆಯುವವಳ ಮಾವ ಒಂದು ವರ್ಕ್‌ಶಾಪ್ ಇಟ್ಟಿದ್ದರು. ಅಲ್ಲಿ ಕೆಲಸ ಕೊಡುತ್ತೇನೆಂದರು, ಆದರೆ ಅದು ಬ್ಲೂ ಕಾರ್ಡಿಗೆ ಸಲ್ಲುವಂಥ ಹುದ್ದೆಯಾಗಿರಲಿಲ್ಲ. ಇವಳು ಹಗಲೆಲ್ಲ ಅರ್ಜಿ ಹಾಕುತ್ತಿದ್ದಳು. ಅಭ್ಯಾಸವನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಯೇನಾ ಎಂಬ ದೂರದ ಊರಿನ ಒಂದು ಲೆನ್ಸ್ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ನಾನು ರಜೆ ಹಾಕಿ ಜೊತೆಗೆ ಹೋದೆ. ಒಳಗಿಂದ ಬಂದವಳ ಮುಖ ಅರಳಿತ್ತು. ಚೆನ್ನಾಗಿ ಮಾತಾಡಿದರು, ಕಬಡ್ಡಿ ಬಗ್ಗೆ ಕೂಡ ಕೇಳಿದರು ಎಂದಳು. ವಾಪಸ್ ಬರುವಾಗ ಟ್ರೈನಿನಲ್ಲಿ, ಯೇನಾಕ್ಕೆ ಮನೆ ಬದಲಾಯಿಸಿದರೂ ಶನಿವಾರ ಬಂದು ಆಡಬಹುದಲ್ಲ ಎಂದು ಗಾಡಿಗಳ ವೇಳೆ ನೋಡುತ್ತಿದ್ದಳು. ವಾರದ ಮೇಲೆ ಉತ್ತರ ಬಂತು. ಜರ್ಮನ್ ಇನ್ನೂ ಚೆನ್ನಾಗಿ ಬರುವ ಇನ್ನೊಬ್ಬರನ್ನು ತೆಗೆದುಕೊಂಡಿದ್ದರು. ನಾನು ಸಮಾಧಾನ ಹೇಳಲು ಹೋದೆ.

"ಬಿಡಿ ಅಕ್ಕ," ಎಂದಳು, "ಬೆಂಚಿನ ಮೇಲೆ ಕೂತು ನಂಗೆ ಅಭ್ಯಾಸ ಉಂಟು."

ಬೇರೆಲ್ಲೂ ಆಗಲಿಲ್ಲ. ಅವಳ ವಿಮಾನ ಇದ್ದದ್ದು ನಮ್ಮ ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ. ಕೊನೆಯ ಅಭ್ಯಾಸದ ದಿನ ಮೈದಾನದ ಹುಲ್ಲು ಹಸಿರಾಗಿತ್ತು, ಬಿಸಿಲಿತ್ತು. ಕೊನೆಯ ಸರದಿಗೆ ಅವಳು ನಿಂತಾಗ ಬೇಕರಿಯವಳು ಬೇಕೆಂದೇ ಮೈ ಸಡಿಲ ಬಿಟ್ಟಳು. ಇವಳು ಅರ್ಧಕ್ಕೆ ನಿಂತುಬಿಟ್ಟಳು.

"ಹಾಗೆ ದಾರಿ ಬಿಡ್ಬೇಡಿ," ಎಂದು ಅವಳು ಕನ್ನಡದಲ್ಲೇ ಹೇಳಿದಳು, ಆಮೇಲೆ ಜರ್ಮನ್‌ನಲ್ಲಿ, "ಸರಿಯಾಗಿ ತಡೆಯಿರಿ."

ಈ ಸಲ ಬೇಕರಿಯವಳು ನಿಜವಾಗಿ ತಡೆದಳು. ಇಬ್ಬರೂ ಭುಜಕ್ಕೆ ಭುಜ ಕೊಟ್ಟು ತುಂಬ ಹೊತ್ತು ನೂಕಾಡಿದರು. ಇವಳು ತೋಳಿನ ಕೆಳಗಿಂದ ನುಸುಳಿ ದಾಟಿದಳು, ಚೆಂಡು ಎಸೆಯುವವಳನ್ನು ಹಿಡಿದಳು, ಆದರೆ ಕೆಡವಲಿಲ್ಲ. ಹಾಗೇ ತಬ್ಬಿಕೊಂಡು ನಿಂತಳು. ಕೋಚ್ ಸೀಟಿ ಊದಿದರೂ ಬಿಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಆ ಇಬ್ಬರ ಸುತ್ತ ನಿಂತೆವು. ಹೆಲ್ಮೆಟ್ಟಿನೊಳಗಿಂದ ಅವಳು ಅಳುವುದು ಕೇಳುತ್ತಿತ್ತು.

ಮೊದಲ ಪಂದ್ಯದಲ್ಲಿ ಅವಳ ಜಾಗದಲ್ಲಿ ನಾನು ನಿಂತೆ. ಸೋತೆವು. ಆಮೇಲಿನದನ್ನೂ ಸೋತೆವು. ಶುರುವಿಗೆ ಪ್ರತಿ ಪಂದ್ಯದ ಮರುದಿನ ಅವಳ ಮೆಸೇಜು ಬರುತ್ತಿತ್ತು: "ಎಷ್ಟು ಸಲ ಕೆಡವಿದ್ರಿ ಅಕ್ಕ?" ಬರಬರುತ್ತ ಅದು ನಿಂತಿತು. ನಾನು ಕಳಿಸಿದ ಫೋಟೋಗಳಿಗೆ ಉತ್ತರವಿರುತ್ತಿರಲಿಲ್ಲ.

ಮುಂದಿನ ವರ್ಷ ಊರಿಗೆ ಹೋದಾಗ ಮೈಸೂರಿನಿಂದ ಬಸ್ಸು ಹತ್ತಿ ಅವಳನ್ನು ನೋಡಲು ಹೋದೆ. ಮಂಗಳೂರಿನ ಹೊರಗೆ, ಹೆದ್ದಾರಿ ಪಕ್ಕ, ಒಂದು ಸಣ್ಣ ತಾರಸಿ ಮನೆ. ಅವಳು ಹತ್ತಿರದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದಳು. ತೆಳ್ಳಗಾಗಿದ್ದಳು. ನೀರುದೋಸೆ ಮಾಡಿದ್ದರು; ಅವಳ ಅಮ್ಮ ಒಂದರ ಮೇಲೊಂದು ಬಡಿಸುತ್ತ ನನ್ನ ಮುಂದೆ ಕೂತರು.

"ನಿಮ್ಗೆಲ್ಲ ಅಲ್ಲಿ ಹೊಂದಿಕೆ ಆಗ್ತದೆ ನೋಡಿ," ಎಂದರು. "ಇವಳಿಗೆ ಆ ಊರು ಹಿಡಿಸ್ಲೇ ಇಲ್ಲ. ಆ ಚಳಿ, ಆ ಒಂಟಿತನ. ಒಳ್ಳೆ ಕೆಲಸ, ಬಿಟ್ಟು ಬಂದ್ಲು. ಒಬ್ರೂ ಮಾತಾಡ್ಲಿಕ್ಕೆ ಇರ್ಲಿಲ್ಲವಂತೆ ಪಾಪ."

ನಾನು ಅವಳ ಕಡೆ ನೋಡಿದೆ. ಅವಳು ಚಟ್ನಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

"ಹೌದು ಅಮ್ಮ," ಎಂದೆ, "ಚಳಿ ಬಹಳ ಅಲ್ಲಿ."

ಬಸ್ ಸ್ಟಾಪಿನವರೆಗೂ ಕಳಿಸಲು ಬಂದಳು. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬಸ್ಸು ದೂರದಲ್ಲಿ ಕಂಡಾಗ ಅವಳೇ ಹೇಳಿದಳು.

"ಕೆಲಸದಿಂದ ತೆಗೆದ್ರು ಅಂದ್ರೆ ಮನೆಯವ್ರಿಗೆ ಬೇಜಾರು ಅಕ್ಕ. ನಾನೇ ಬಿಟ್ಟೆ ಅಂದ್ರೆ ಒಂದೆರಡು ದಿನ ಬೈತಾರೆ, ಅಷ್ಟೆ."

"ಮತ್ತೆ ಆಟದ್ದು? ನಾವೆಲ್ಲ ಇದ್ದದ್ದು?"

"ಅದನ್ನು ಹೇಳಿದ್ರೆ ಮತ್ತೆ ಬಿಟ್ಟು ಬಂದದ್ದು ಯಾಕೆ ಅಂತ ಕೇಳ್ತಾರಲ್ಲ."

ಬಸ್ಸು ನಿಂತಿತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದಳು. ಕಂಡಕ್ಟರ್ ಸೀಟಿ ಊದಿದಾಗ ಅವಳು ಕೈಬೀಸದೆ, ತಿರುಗಿ ಮನೆಯ ಕಡೆ ಬೇಗಬೇಗ ನಡೆದು ಹೋದಳು.