ತಾರಸಿಯ ಮೇಲೆ ಸದ್ದು ನಿಲ್ಲಿಸುವ ಸಿರಾಜುದ್ದೀನ್

ಬೆಳಗಿನ ಐದು ಗಂಟೆ. ಜಿದ್ದಾದಲ್ಲಿ ವಿದೇಶಿ ಎಂಜಿನಿಯರುಗಳು ವಾಸಿಸುವ ಕಾಂಪೌಂಡಿನ ಸಭಾಂಗಣ. ಅದರ ತಾರಸಿಯಲ್ಲಿ ಸಿರಾಜುದ್ದೀನ್ ಕುಕ್ಕರುಗಾಲಲ್ಲಿ ಕುಳಿತು ಎಸಿಯ ಜಾಳಿಗೆಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಾರೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಯ ಧೂಳು ಬಿಡಿಸುತ್ತಾರೆ, ಬಕೆಟ್ಟಿನಲ್ಲಿ ಅದ್ದುತ್ತಾರೆ, ಗೋಡೆಗೆ ಒರಗಿಸುತ್ತಾರೆ. ಮಾತಾಡಲು ಅಲ್ಲಿ ಇನ್ನೊಬ್ಬರೂ ಇಲ್ಲ. ನಲವತ್ತೆಂಟು ಜಾಳಿಗೆ ಮುಗಿಯುವ ಹೊತ್ತಿಗೆ ಬಕೆಟ್ಟಿನ ನೀರು ಬೆಚ್ಚಗಾಗಿರುತ್ತದೆ.

ಪುತ್ತೂರಿನ ಹತ್ತಿರ ಕುಂಬ್ರದವರು; ಹೆಂಡತಿ ಸಲೀಮಾ ಊರಲ್ಲೇ ಇದ್ದಾರೆ. ವಯಸ್ಸು ಐವತ್ತೊಂದು, ಓದಿದ್ದು ಏಳನೇ ತರಗತಿ. ಸೌದಿಗೆ ಬಂದು ಇಪ್ಪತ್ತೆರಡು ವರ್ಷ: ನಜ್ರಾನ್‌ನಲ್ಲಿ ಆರು ವರ್ಷ, ಜಿಜಾನ್‌ನಲ್ಲಿ ನಾಲ್ಕು, ಜಿದ್ದಾದಲ್ಲಿ ಹನ್ನೆರಡು. ಇಲ್ಲಿಯ ಶರಫಿಯಾ ಬಡಾವಣೆಯ ಕೋಣೆಯಲ್ಲಿ ಇವರ ಜೊತೆ ಇನ್ನೂ ಐದು ಜನ ಇದ್ದಾರೆ. ಎಲ್ಲರ ಪಾಳಿ ಬೇರೆಬೇರೆ. ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುತ್ತಾರೆ.

"ನನ್ನ ಹೆಸರು ಇಕಾಮಾದಲ್ಲಿ, ಇಲ್ಲಿ ಇರ್ಲಿಕ್ಕೆ ಕೊಡುವ ಕಾರ್ಡಿನಲ್ಲಿ, ಮಾತ್ರ ಉಂಟು. ಇಲ್ಲಿಯವರಿಗೆಲ್ಲ ನಾನು 'ಮುಕೈಫ್'. ಅರಬಿಯಲ್ಲಿ ಎಸಿಗೆ ಹಾಗೆ ಹೇಳುವುದು. ಮನುಷ್ಯನನ್ನು ಎಸಿ ಅಂತ ಕರೆದ್ರೆ ಎಂತ ಮಾಡುವುದು? ತಣ್ಣಗಿರುವುದು ಅಷ್ಟೆ" ಎಂದು ನಗುತ್ತಾರೆ.

ಈ ವಾರ ಸಭಾಂಗಣಕ್ಕೆ ಯುರೋಪಿನ ಏಳು ಸಂಗೀತಗಾರರ ತಂಡವೊಂದು ಬಂದಿದೆ. ಅವರ ಕಾರ್ಯಕ್ರಮ ಇಲೋನಾ ಎಂಬ ಅಜ್ಜಿಯ ಬರಹಗಳ ಕುರಿತದ್ದು. ಎರಡನೇ ಮಹಾಯುದ್ಧದಲ್ಲಿ ನಾಝಿಗಳು ಯಹೂದಿಗಳನ್ನು ಒಯ್ದು ಕೊಂದ ಶಿಬಿರದಿಂದ, ಹದಿನಾರರ ಹರೆಯದಲ್ಲಿ, ಬದುಕಿ ಬಂದವಳು ಆಕೆ. ಪಿಟೀಲು, ಪಿಯಾನೊ, ಹಾಡು. ಹಿಂದಿನ ಪರದೆಯ ಮೇಲೆ ಆಕೆಯ ಕೈಬರಹ, ಹಳೆಯ ಮನೆಬಾಗಿಲುಗಳ ಚಿತ್ರ. ಕೊನೆಗೆ ವಾದ್ಯಗಳೆಲ್ಲ ನಿಲ್ಲುತ್ತವೆ. ಸಾಯುವ ಮುಂಚೆ ಧ್ವನಿಮುದ್ರಿಸಿದ್ದ ಇಲೋನಾಳ ದನಿ ಮಾತ್ರ ಕೇಳುತ್ತದೆ. ತನ್ನ ಬೀದಿಯಿಂದ ಹೋಗಿ ಮರಳದವರ ಹೆಸರುಗಳನ್ನು ಆಕೆ ಮನೆ ಮನೆಯಂತೆ ಓದುತ್ತಾಳೆ. ಹನ್ನೊಂದು ನಿಮಿಷ.

ಮುದುಕಿಯ ದನಿ ಬಹಳ ಸಣ್ಣದು. ಎಸಿಯ ಸದ್ದಿನಲ್ಲಿ ಅದು ಕೇಳಿಸುವುದೇ ಇಲ್ಲ. ಹಾಗಾಗಿ ಆ ಹನ್ನೊಂದು ನಿಮಿಷ ತಾರಸಿಯ ನಾಲ್ಕೂ ಯಂತ್ರಗಳು ನಿಲ್ಲಬೇಕು.

ಗುರುವಾರದ ಮೊದಲ ಪ್ರದರ್ಶನದಲ್ಲಿ ಸಿರಾಜುದ್ದೀನ್ ನಾಲ್ಕನ್ನೂ ಒಮ್ಮೆಗೇ ನಿಲ್ಲಿಸಿದರು. ಗಾಳಿ ಹರಿಯುವ ತಗಡಿನ ಕೊಳವೆಗಳು ಕುಗ್ಗಿ, ಸಭಾಂಗಣದ ನೆತ್ತಿಯ ಮೇಲೆ ಟಣ್ ಟಣ್ ಎಂದವು. ಮೂರನೆಯ ಹೆಸರು ಅದರಲ್ಲಿ ಮುಳುಗಿಹೋಯಿತು.

"ಯಾರೂ ಬಯ್ಲಿಲ್ಲ. ಬಯ್ದಿದ್ರೆ ಒಳ್ಳೆದಿತ್ತು. ಅವಳು ಅಷ್ಟು ವರ್ಷ ನೆನಪಿಟ್ಟುಕೊಂಡ ಹೆಸರು, ನನ್ನ ತಗಡು ನುಂಗಿತಲ್ಲ."

ಶುಕ್ರವಾರ ಬೇರೆ ರೀತಿ ಮಾಡಿದರು. ಮಧ್ಯಾಹ್ನವೇ ಸಭಾಂಗಣವನ್ನು ಹದಿನೆಂಟು ಡಿಗ್ರಿಗೆ ತಂದರು. ಕಾಲು ಗಂಟೆ ಮುಂಚಿನಿಂದ ಫ್ಯಾನಿನ ವೇಗವನ್ನು ಚೂರು ಚೂರೇ ಇಳಿಸಿದರು. ತಗಡು ಉಸಿರೆತ್ತಲಿಲ್ಲ. ಆದರೆ ಒಳಗೆ ಸೆಕೆ ಏರಿದರೆ ಯಂತ್ರಗಳು ತಾವಾಗಿ ಶುರುವಾಗುತ್ತವೆ. ಹಾಗಾಗದಂತೆ ಅವರು ಅಷ್ಟೂ ಹೊತ್ತು ತಾರಸಿಯಲ್ಲೇ ನಿಂತು ಗುಂಡಿಯೊಂದನ್ನು ಒತ್ತಿ ಹಿಡಿದಿರಬೇಕು. ಹಾಗಾಗಿ ಅಜ್ಜಿಯ ದನಿಯನ್ನು ಅವರು ಇನ್ನೂ ಕೇಳಿಲ್ಲ.

"ಹಾಡು ನಂಗೆ ಅರ್ಥ ಆಗ್ಲಿಕ್ಕಿಲ್ಲ. ಹೆಸರು ಹಾಗಲ್ಲ. ಹೆಸರಿಗೆ ಭಾಷೆ ಬರ್ಬೇಕಂತ ಇಲ್ಲ ಅಲ್ವಾ?"

ಇಂದು ಶನಿವಾರ, ಕೊನೆಯ ಪ್ರದರ್ಶನ. ರಾತ್ರಿಯ ವಿಮಾನಕ್ಕೆ ತಂಡ ಹೊರಡುತ್ತದೆ. ಆ ದನಿಯನ್ನು ಯಾರಿಗೂ ನಕಲು ಮಾಡಿ ಕೊಡಬಾರದೆಂದು ಇಲೋನಾಳ ಮನೆಯವರ ಮಾತಿದೆ. ಚಹಾದ ಹೊತ್ತಿನಲ್ಲಿ ಸಿರಾಜುದ್ದೀನ್, ಸಭಾಂಗಣದ ಧ್ವನಿ ನೋಡಿಕೊಳ್ಳುವ ಸುರತ್ಕಲ್ಲಿನ ಹಿತೇಶನ ಹತ್ತಿರ ಕೇಳಿಯೇಬಿಟ್ಟರು: ಅಜ್ಜಿ ಹೆಸರು ಓದುವಾಗ ಹಿತೇಶ ಕೆಳಗೆ ವಾಕಿಟಾಕಿಯ ಗುಂಡಿ ಒತ್ತಿಟ್ಟರೆ ಮೇಲೆ ತನಗೂ ಕೇಳಿಸಬಹುದಲ್ಲ?

"ಎಂತ ಸಿರಾಜಾಕ, ಈ ಪ್ರಾಯದಲ್ಲಿ ಅಜ್ಜಿಯ ಹಿಂದೆ ಬಿದ್ದದ್ದಾ? ಸಲೀಮಾಕ್ಕನಿಗೆ ಫೋನ್ ಮಾಡ್ಲಾ?"

"ತಮಾಷೆ ಅಲ್ಲ ಮಾರಾಯ."

"ವಾಕಿ ಒಮ್ಮೆ ಕರಕರ ಅಂದ್ರೆ ಕೆಲಸ ಹೋಗಿ ನಾಳೆ ನಾನು ಊರಲ್ಲಿ. ನೋಡುವ ಆಯ್ತಾ?" ಎಂದು ಹಿತೇಶ ಕಪ್ಪು ಕೆಳಗಿಟ್ಟು ಒಳಗೆ ಹೋದ.

ಸಂಜೆ ನಾಲ್ಕೂವರೆ. ತಾರಸಿಯಲ್ಲಿ ನಲವತ್ತಮೂರು ಡಿಗ್ರಿ. ಸಿರಾಜುದ್ದೀನ್ ಫ್ಯಾನುಗಳನ್ನು ಇಳಿಸುತ್ತಾ ಬಂದಿದ್ದಾರೆ. ಸೊಂಟದ ವಾಕಿಟಾಕಿಯಲ್ಲಿ ಹಿತೇಶನ ಪಿಸುದನಿ: "ಯಲ್ಲಾ, ಸಿರಾಜಾಕ, ನಿಲ್ಲಿಸಿ."

ಒಂದು, ಎರಡು, ಮೂರು, ನಾಲ್ಕು. ಯಂತ್ರಗಳು ನಿಲ್ಲುತ್ತವೆ. ತಗಡು ಸದ್ದಿಲ್ಲದೆ ಮಲಗಿದೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾವ ಕೆಲಸವನ್ನೂ ಅವರು ಮಾಡಿಲ್ಲ. ಕಾಲ ಕೆಳಗೆ ಎಲ್ಲೋ ಮುದುಕಿಯೊಬ್ಬಳು ಮೊದಲ ಮನೆಯ ಬಾಗಿಲಲ್ಲಿದ್ದಾಳೆ. ಬಲಗೈಯಲ್ಲಿ ಯಂತ್ರದ ಗುಂಡಿ ಒತ್ತಿಹಿಡಿದು, ಎಡಗೈಯಲ್ಲಿ ಅವರು ವಾಕಿಟಾಕಿಯನ್ನು ಬಾಯಿಯ ಹತ್ತಿರ ತರುತ್ತಾರೆ.

"ಹಿತೇಶ, ಒಮ್ಮೆ ಒತ್ತಿ ಹಿಡಿ."

ಕಾಯುತ್ತಾರೆ. ಕಿವಿಗೆ ಒತ್ತಿಕೊಳ್ಳುತ್ತಾರೆ. ಮತ್ತೆ ಬಾಯಿಯ ಹತ್ತಿರ ತರುತ್ತಾರೆ.

"ಒಂದು ಮನೆಯವರ ಹೆಸರಾದ್ರೂ ಸಾಕು."