ನಾಲಿಗೆ ಹಚ್ಚದೆ ಮಾಡಿದ ಮಾರ್ಮಲೇಟು

ಜಮಖಂಡಿಯ ನಮ್ಮ ಮನೆಯಲ್ಲಿ ಮಾರ್ಮಲೇಟನ್ನು ಮೊದಲು ತಿನ್ನುವವನು ದೇವರು. ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಪರದೇಶದ ಪದಾರ್ಥವನ್ನು ಬೆಳ್ಳಿ ಬಟ್ಟಲಿಗೆ ಹಾಕಿ, ಮೇಲೊಂದು ತುಳಸಿ ಎಲೆ ಇಟ್ಟು ನೈವೇದ್ಯ ಮಾಡುವ ಮನೆ ಇನ್ನೊಂದಿದ್ದರೆ ನನಗೂ ತೋರಿಸಿ. ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ನಾನು ಕಿಸಕ್ಕನೆ ನಕ್ಕಿದ್ದೆ. ಅತ್ತೆ ನಗಲಿಲ್ಲ. "ದೇವರು ಬರೇ ಹೋಳಿಗಿನಽ ತಿನ್ನಬೇಕಂತ ಎಲ್ಲೆರೆ ಬರದದೇನು?" ಎಂದರು.

ಹೇರಳೆಕಾಯಿಯ ಸಿಪ್ಪೆಯನ್ನು ಸಕ್ಕರೆಯಲ್ಲಿ ಕುದಿಸಿ ಮಾಡುವ ಮುರಬ್ಬವೇ ನಮ್ಮ ಮಾರ್ಮಲೇಟು. ಹೇರಳೆ ಕಿತ್ತಳೆಯ ಜಾತಿಯದೇ, ಆದರೆ ಕಿತ್ತಳೆಯ ನಯವಿನಯ ಅದಕ್ಕಿಲ್ಲ. ಸಿಪ್ಪೆ ದಪ್ಪ, ತೊಳೆ ಹುಳಿ, ಮೈಯೆಲ್ಲ ಕಹಿ. ಹಿತ್ತಲಲ್ಲಿ ಮುಳ್ಳು ಹೊತ್ತ ಒಂದು ಮರವಿದೆ. ದೀಪಾವಳಿ ಕಳೆದ ಮೇಲೆ ಕಾಯಿ ಹಳದಿಗೆ ತಿರುಗುತ್ತದೆ, ಸಂಕ್ರಾಂತಿಯ ಹೊತ್ತಿಗೆ ಉದುರತೊಡಗುತ್ತದೆ. ಅಷ್ಟರೊಳಗೆ ನಮ್ಮ ಕೆಲಸ ಮುಗಿಯಬೇಕು.

ಅತ್ತೆಗೆ ಇದನ್ನು ಕಲಿಸಿದವರು ಅವರ ತಾಯಿ, ತಾಯಿಗೆ ಹೇಳಿಕೊಟ್ಟವರು ಅತ್ತೆಯ ತಂದೆ. ಆ ಅಜ್ಜ ಸಂಸ್ಥಾನದ ಕಾಲದಲ್ಲಿ ಅತಿಥಿಗಳ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದರಂತೆ. ಸಾಹೇಬರ ನಾಷ್ಟಾಕ್ಕೆ ಆಗುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿ, ಮನೆಗೆ ಬಂದು ಹೆಂಡತಿಗೆ ವಿವರಿಸಿದರು. ಮಡಿಯ ಮನುಷ್ಯ, ಅಲ್ಲಿ ಒಂದು ಲೋಟ ನೀರನ್ನೂ ಕುಡಿದವರಲ್ಲ. ಹೀಗೆ ಮಾರ್ಮಲೇಟು ರುಚಿ ನೋಡದವರ ಕೈಯಿಂದ ನಮ್ಮ ಮನೆತನಕ್ಕೆ ಬಂತು. ಮುಂದೆಯೂ ಹಾಗೇ ನಡೆಯಿತು.

ನೈವೇದ್ಯಕ್ಕೆ ಮೊದಲು ನಾಲಿಗೆ ಹಚ್ಚಿದರೆ ಎಂಜಲು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಕಣ್ಣಿಗೆ ಗೊತ್ತಾಗಬೇಕು, ಕೈಗೆ ಗೊತ್ತಾಗಬೇಕು, ಮೂಗಿಗೆ ಗೊತ್ತಾಗಬೇಕು. ಕೆಲವು ಮನೆಗಳಲ್ಲಿ ಮೂಸುವುದೂ ತಪ್ಪು. ಅತ್ತೆ ಅಷ್ಟು ದೂರ ಹೋದವರಲ್ಲ. "ನಾವೇನು ಹೋಗಿ ಮೂಸೂದಿಲ್ಲ, ವಾಸನಿನಽ ಬಂದು ಮೂಗಿಗೆ ಬಡದರ ಏನ್ ಮಾಡಬೇಕು?" ಎನ್ನುತ್ತಿದ್ದರು. ಮಾರ್ಮಲೇಟಿನ ವಿಷಯದಲ್ಲಂತೂ ಮೂಗೇ ಯಜಮಾನ. ಈಳಿಗೆಯಲ್ಲಿ ಎಳೆಯೆಳೆಯಾಗಿ ಹೆಚ್ಚಿದ ಸಿಪ್ಪೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಮರುದಿನ ಕುದಿಸಿ ನೀರು ಬಸಿಯಬೇಕು. ಮತ್ತೆ ಹೊಸ ನೀರು, ಮತ್ತೆ ಕುದಿ. ಎಷ್ಟು ಸಲ ಎಂದು ಲೆಕ್ಕವಿಲ್ಲ, ಆಯಾ ವರ್ಷದ ಕಾಯಿಯ ಮೇಲೆ. ಮೊದಲ ಹಬೆ ಖಾರವಾಗಿ ಮೂಗಿಗೆ ಹತ್ತುತ್ತದೆ. ಒಂದು ಗಳಿಗೆಗೆ ಆ ಘಾಟು ಇಳಿದು, ಹೂವು ಬಿಟ್ಟ ಮರದ ಕೆಳಗೆ ನಿಂತಂಥ ವಾಸನೆ ಏಳುತ್ತದೆ. ಅಲ್ಲಿಗೆ ನೀರು ಬಸಿಯುವುದನ್ನು ನಿಲ್ಲಿಸಿ, ಪಾಕ ಗಟ್ಟಿಯಾಗಲೆಂದು ಬೀಜಗಳನ್ನು ಪಂಚೆಯ ಬಟ್ಟೆಯಲ್ಲಿ ಗಂಟುಕಟ್ಟಿ ಒಳಗೆ ಬಿಟ್ಟು ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಬಾಯಿಗಿಡಲಾಗದ ಕಹಿ. ತಡವಾದರೆ ಬರೀ ಸಕ್ಕರೆಪಾಕ. ಕಹಿ ಇರಬೇಕು, ಆದರೆ ನಾಲಿಗೆಯ ಹಿಂದೆ ಕೂತಿರಬೇಕು ಎನ್ನುವುದು ಅತ್ತೆಯ ಮಾತು.

ಅತ್ತೆ ಹೋದ ಮೇಲೆ ಸೌಟು ನನ್ನ ಕೈಗೆ ಬಂತು. ನಮ್ಮ ಮನೆಯ ಬಾಟಲಿಗಳಿಗೆಲ್ಲ ಮೊದಲೇ ಒಡೆಯರು ಗೊತ್ತಾಗಿರುತ್ತಿದ್ದರು. ಬನಹಟ್ಟಿಯಲ್ಲಿರುವ ಗಂಡನ ಅಕ್ಕನಿಗೆ ದೊಡ್ಡದು. ಮುಧೋಳದಲ್ಲಿರುವ ನನ್ನ ತವರಿಗೆ ಒಂದು. ಗಂಡನಿಗೆ ಚಪಾತಿಯ ಜೊತೆಗೆ, ಬಂದ ಬೀಗರಿಗೆ, ಕೇಳಿದ ನೆರೆಯವರಿಗೆ. ನನ್ನ ಪಾಲಿಗೆ ಪಾತ್ರೆಯ ಅಂಚು. ಅದೂ ಎಲ್ಲರ ಊಟವಾದ ಮೇಲೆ, ಪಾತ್ರೆ ನೆನೆಹಾಕುವ ಮೊದಲು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡದ್ದು. ಆ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತಿತ್ತು, ರುಚಿಯ ಕಡೆ ಲಕ್ಷ್ಯ ಯಾರಿಗೆ? ಯಾರೂ ನನ್ನನ್ನು ತಿನ್ನಬೇಡ ಎಂದಿರಲಿಲ್ಲ. ಹಂಚುವುದರಲ್ಲಿ ನನಗೆ ಭಾರಿ ಖುಷಿ ಇತ್ತು, ಸ್ವಲ್ಪ ಡೌಲೂ ಇತ್ತು. ಮುಂದಿನ ವರ್ಷ ಇದ್ದೇ ಇದೆಯಲ್ಲ ಅಂದುಕೊಳ್ಳುತ್ತಿದ್ದೆ.

ಆಮೇಲೆ ಊರಿಗೆಲ್ಲ ಬಂದ ಆ ಜ್ವರ ನನಗೂ ಬಂತು. ಮೂಗು ಸತ್ತಿತು. ಎಲ್ಲರಿಗೂ ವಾಸನೆ ಹೋಗಿತ್ತು, ಎಲ್ಲರಿಗೂ ಮರಳಿ ಬಂತು. ನನಗೂ ಬಂದಿದೆ ಎಂದೇ ತಿಳಿದಿದ್ದೆ, ಯಾಕೆಂದರೆ ಅಡುಗೆ ಸರಿಯಾಗಿಯೇ ಆಗುತ್ತಿತ್ತು. ಇಷ್ಟು ವರ್ಷ ರುಚಿ ನೋಡದೆ ಹಾಕಿದ ಕೈಗೆ ಉಪ್ಪು ಹುಳಿಯ ಅಳತೆ ತಪ್ಪುತ್ತದೆಯೇ? ಉಣ್ಣುವಾಗ ಊಟ ಸಪ್ಪೆ ಎನಿಸಿದರೆ ಜ್ವರದ ಬಾಯಿ ಅಂದುಕೊಂಡೆ.

ಗೊತ್ತಾದದ್ದು ಬೀಳಗಿಗೆ ಹೋಗುವ ಬಸ್ಸಿನಲ್ಲಿ. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ನಮ್ಮ ಮುಂದೆ ಸಕ್ಕರೆ ಕಾರ್ಖಾನೆಯ ಮಡ್ಡಿ, ಆ ನಾರುವ ಕಾಕಂಬಿಯ ಟ್ಯಾಂಕರೊಂದು ತೊಟ್ಟಿಕ್ಕಿಸುತ್ತ ಹೋಗುತ್ತಿತ್ತು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಕಿಟಕಿಯಾಚೆ ನೋಡುತ್ತ ಕೂತೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಹೊಲದ ಕೆಲಸದ ಹೆಣ್ಣುಮಗಳು ನನ್ನ ಮುಖ ನೋಡಿ, "ಯಕ್ಕಾರ, ನಿಮಗ ನಾತ ಬರಾಕತ್ತಿಲ್ಲೇನ್ರಿ?" ಎಂದಳು. ನಾನು ಸುಮ್ಮನೆ ಜೋರಾಗಿ ಉಸಿರೆಳೆದುಕೊಂಡೆ. ಏನೂ ಇರಲಿಲ್ಲ. ಮನೆಗೆ ಬಂದು ಹಿಂಗಿನ ಡಬ್ಬಿ, ಕರ್ಪೂರ, ಲವಂಗ, ಸೀಮೆಎಣ್ಣೆಯ ಡಬ್ಬಿ, ಎಲ್ಲಕ್ಕೂ ಮೂಗು ತುರುಕಿದೆ. ಎಲ್ಲ ಒಂದೇ, ನೀರಿನ ಹಾಗೆ. ದೇವರ ಕೋಣೆಯ ಮುಂದೆ ಕೂತು ಅತ್ತುಬಿಟ್ಟೆ. ಮೂಗಿನ ಡಾಕ್ಟರಿಗೆ ತೋರಿಸಿದರೆ, ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟನ್ನು ನಾನೇ ಹೇಳುತ್ತಿದ್ದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾರ್ಮಲೇಟು ನಿಂತುಹೋಗುತ್ತದೆ ಎಂಬ ಭಯ. ಮಾಡಲು ಬರುವುದು ನನಗೊಬ್ಬಳಿಗೇ. ನಾನು ನಿಲ್ಲಿಸಿದರೆ ಆ ರುಚಿಗೆ ಮುಂದೆ ಮನೆಯೇ ಇಲ್ಲ. ಆ ಚಳಿಗಾಲದಲ್ಲಿ ಧೈರ್ಯ ಮಾಡಿ ಕಾಯಿ ಕೀಳಿಸಿದೆ. ಸಿಪ್ಪೆ ಕುದಿಯಿತು, ಹಬೆ ಮುಖಕ್ಕೆ ಬಂತು, ಬಿಸಿ ಬಿಟ್ಟು ಅದರಲ್ಲಿ ಬೇರೇನೂ ಗೊತ್ತಾಗಲಿಲ್ಲ. ಕಹಿ ಉಳಿದೀತು ಎಂಬ ಹೆದರಿಕೆಗೆ ನೀರು ಬಸಿದೆ, ಮತ್ತೆ ಬಸಿದೆ, ಇನ್ನೊಮ್ಮೆ ಇರಲಿ ಎಂದು ಬಸಿದೆ. ಪಾಕವೇನೋ ಸರಿಯಾಗಿ ಬಂತು. ತಟ್ಟೆಗೆ ಬಿಟ್ಟ ಹನಿ ಬೆರಳಿಂದ ನೂಕಿದರೆ ಸುಕ್ಕುಗಟ್ಟುತ್ತಿತ್ತು, ಬಣ್ಣ ಹೊನ್ನಿನದು.

ಎಲ್ಲರೂ ಕುಣಿದಾಡಿದರು. ಗಂಡ ಎರಡನೆಯ ಚಪಾತಿಗೂ ಹಾಕಿಸಿಕೊಂಡು, "ಈ ವರ್ಷ ಭಾಳ ಛಲೋ ಆಗ್ಯದ ನೋಡು, ಒಂದೀಟೂ ಕಹಿ ಇಲ್ಲ" ಎಂದರು. ನೆರೆಯವರು ಇನ್ನೊಂದು ಬಾಟಲಿ ಕೇಳಿದರು. ಹೊಗಳಿಕೆ ಕೇಳಿ ಉಬ್ಬುವ ಹೆಂಗಸು ನಾನು. ಆದರೆ ಅಂದು ಉಬ್ಬಲಾಗಲಿಲ್ಲ. ಕಹಿಯನ್ನೆಲ್ಲ ಮೋರಿಗೆ ಚೆಲ್ಲಿ ಬಂದಿದ್ದೆ, ಒಬ್ಬರಿಗೂ ಅದರ ನೆನಪು ಬರಲಿಲ್ಲ.

ಬಂದದ್ದು ಬನಹಟ್ಟಿಯ ಅಕ್ಕನಿಗೆ. ಫೋನು ಮಾಡಿದವರು ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ.

"ಅಲ್ಲಽ, ನೀ ತಪ್ಪಿ ಅಂಗಡಿ ಬಾಟ್ಲಿ ಕಳಿಸೀಯೇನು?"

"ಅಂಗಡೀದು ಯಾಕ ಕಳಸ್ಲಿರೀ ಅಕ್ಕಾ, ನಾನಽ ಕೈಯಾರೆ ಮಾಡೀನಿ."

"ಇದು ನಮ್ಮವ್ವಂದು ಅಲ್ಲ ಬಿಡು. ಬರೇ ಸಕ್ಕರಿ. ನಿನಗ ಬ್ಯಾಸರಾಗಿದ್ರ ಬ್ಯಾಸರಾಗೇದಂತ ಹೇಳು, ಹಿಂಗ ಹಾಳು ಮಾಡಬ್ಯಾಡ."

ನನ್ನ ಸಿಟ್ಟು ನಮ್ಮ ಓಣಿಗೇ ಗೊತ್ತು. ತಿರುಗಿ ಏನೋ ಅನ್ನಬೇಕೆಂದು ಬಾಯಿ ತೆರೆದವಳಿಗೆ ಬಂದದ್ದು ಅಳು. "ನನಗ ವಾಸನಿನಽ ಬರೂದಿಲ್ಲರೀ ಅಕ್ಕಾ. ಜ್ವರ ಬಂದಾಗಿಂದ ಏನೂ ಬರೂದಿಲ್ಲ" ಎಂದುಬಿಟ್ಟೆ. ಆ ಕಡೆ ಅವರ ಓಣಿಯ ಮಗ್ಗದ ಸದ್ದು ಕೇಳುತ್ತಿತ್ತು. ಅದರ ನಡುವೆಯೇ ಅಕ್ಕ, "ಗಿಡದಾಗ ಇನ್ನ ಕಾಯಿ ಅದಾವೇನು?" ಎಂದು ಕೇಳಿದರು.

ಮರುದಿನವೇ ಬಸ್ಸು ಹತ್ತಿ ಬಂದರು, ಆ ಮಂಡಿನೋವು ಇಟ್ಟುಕೊಂಡು. ಅಕ್ಕನಿಗೆ ಮಾರ್ಮಲೇಟು ತಿಂದು ಗೊತ್ತೇ ಹೊರತು ಮಾಡಿ ಗೊತ್ತಿಲ್ಲ. ತವರಿನ ಮುದ್ದಿನ ಮಗಳು, ಈಳಿಗೆಯ ಮುಂದೆ ಕೂತವರೇ ಅಲ್ಲ. ನನಗೆ ಕೈ ಇದೆ, ಮೂಗಿಲ್ಲ. ಕುರುಡ ಕುಂಟನನ್ನು ಹೊತ್ತು ನಡೆದ ಕತೆ ನಮ್ಮದಾಯಿತು. ಸಂಜೆ ಸಿಪ್ಪೆ ಹೆಚ್ಚಿ ನೆನೆಹಾಕಿದೆ. ಬೆಳಿಗ್ಗೆ ಅವರು ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಸೆರಗು ಸಿಕ್ಕಿಸಿ, ಪರೀಕ್ಷೆಗೆ ಕೂತವರ ಹಾಗೆ ಕೂತರು.

"ಆತು, ಆತು, ಸಕ್ಕರಿ ಹಾಕು," ಎಂದರು. ನಾನು ಡಬ್ಬಿ ಎತ್ತುವಷ್ಟರಲ್ಲಿ "ತಡಿ, ಇನ್ನಾ ಘಾಟದ" ಎಂದರು. ಹೀಗೆ ಮೂರ್ನಾಲ್ಕು ಸಲ ಕುಣಿಸಿದರು. "ಒಂದು ಮಾತು ಹೇಳ್ರಿ, ಸಕ್ಕರಿ ಡಬ್ಬಿ ಹಿಡಕೊಂಡು ಎಷ್ಟೊತ್ತು ನಿಂದರಲಿ?" ಎಂದು ನಾನು ರೇಗಿದೆ. "ಬಾಯಿ ಮುಚ್ಚು, ನೀ ಮಾತಾಡಿದ್ರ ನನಗ ವಾಸನಿ ತಿಳಿಯೂದಿಲ್ಲ" ಎಂದರು. ಅತ್ತೆಯ ಮಗಳೇ ಸರಿ.

ಮೂರನೆಯ ನೀರು ಕುದಿಯುತ್ತಿದ್ದಾಗ ಅಕ್ಕ ಮಾತು ನಿಲ್ಲಿಸಿದರು. ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದಲೇ ನೀರಿಳಿಯಿತು. "ಅವ್ವ ಬಂದಾಂಗಾತು" ಎಂದರು, ನನಗಲ್ಲ, ತಮಗೇ. ನಾನು ಅದೇ ಹಬೆಯಲ್ಲಿ ಮುಖವಿಟ್ಟು ನಿಂತಿದ್ದೆ. ಅತ್ತೆಯ ಜೊತೆ ಈ ಒಲೆಯ ಮುಂದೆ ಮಗಳಿಗಿಂತ ಹೆಚ್ಚು ವರ್ಷ ನಿಂತವಳು ನಾನು. ಅವರು ಬಂದದ್ದು ಮಗಳ ಹತ್ತಿರ ಮಾತ್ರ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಸಕ್ಕರೆ ಸುರಿದೆ.

ನೈವೇದ್ಯವಾಯಿತು. ಗಂಡ ಒಂದು ಚಮಚೆ ತಿಂದು, "ಹೋದ ಸಲದ್ದಽ ಛಲೋ ಇತ್ತಪಾ, ಇದು ಯಾಕೋ ಕಹಿ ಆತು" ಎಂದರು. "ನಿನಗೇನು ತಿಳಿತದ, ಹೋಗು" ಎಂದು ಅಕ್ಕ ತಮ್ಮನನ್ನು ಹೊರಗೆ ಅಟ್ಟಿದರು. ತಾವು ಬಟ್ಟಲು ತುಂಬ ಹಾಕಿಕೊಂಡು, ಚಪಾತಿಯ ಗೊಡವೆಗೂ ಹೋಗದೆ, ಸಣ್ಣ ಮಕ್ಕಳ ಹಾಗೆ ಬೆರಳಲ್ಲಿ ತಿಂದರು. ಬರೋಬ್ಬರಿ ಆಗ್ಯದ, ಬರೋಬ್ಬರಿ ಎಂದು ಮತ್ತೆ ಮತ್ತೆ ಹೇಳಿದರು. ಆ ಮಾತಿಗಾಗಿ ಅಷ್ಟೂ ದಿನ ಜೀವ ಹಿಡಿದುಕೊಂಡಿದ್ದೆ. ಆದರೆ ಕೇಳಿದಾಗ ಅಂದುಕೊಂಡಷ್ಟು ಸಂತೋಷವಾಗಲಿಲ್ಲ.

ಎಂದಿನಂತೆ ಬಾಟಲಿಗೆ ತುಂಬಲು ಎದ್ದೆ. ಅಕ್ಕ ಕೈ ಹಿಡಿದು ಕೂಡಿಸಿದರು. "ಮೊದಲ ನೀ ತಿನ್ನು. ಬಿಸಿ ಇದ್ದಾಗಽ ತಿನ್ನು." ಮದುವೆಯಾಗಿ ಬಂದ ಮೇಲೆ ಇದನ್ನು ಕೂತುಕೊಂಡು, ಬಟ್ಟಲಿಗೆ ಹಾಕಿಕೊಂಡು ನಾನು ತಿಂದದ್ದು ಅದೇ ಮೊದಲು. ಸಾವಕಾಶವಾಗಿ ತಿಂದೆ. ಎಳೆ ಜಗಿದೆ. ಮತ್ತೊಂದು ಚಮಚೆ ಹಾಕಿಕೊಂಡೆ.

"ಹ್ಯಾಂಗ ಅದ?" ಎಂದು ಅಕ್ಕ ಕೇಳಿದರು.

ಇಷ್ಟು ವರ್ಷ ಆ ಪ್ರಶ್ನೆ ಕೇಳುತ್ತಿದ್ದವಳು ನಾನು. "ಸಿಹಿ ಅದರೀ. ಹಿಂದಿಂದ ಕಹಿನೂ ಬರ್ತದ. ಹೇರಳಿಕಾಯಿ ಇಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಮದ್ಲ ಹ್ಯಾಂಗಿರ್ತಿತ್ತು, ನೆನಸಿಕೋ. ನೆನಸಿಕೊಂಡು ತಿನ್ನು, ಬಂದೀತು."

ನೆನೆಸಿಕೊಳ್ಳಲು ನೋಡಿದೆ. ಕುದಿಯುವಾಗಿನ ವಾಸನೆ ಎಂಥದ್ದೆಂದು ಹೇಳಬಲ್ಲೆ, ಬಣ್ಣ ಹೇಳಬಲ್ಲೆ, ಯಾರು ಯಾವ ವರ್ಷ ಏನೆಂದು ಹೊಗಳಿದರು ಎಂಬುದನ್ನೂ ಹೇಳಬಲ್ಲೆ. ಬಾಯಲ್ಲಿಟ್ಟಾಗ ಹೇಗಿರುತ್ತಿತ್ತು ಎಂಬುದೊಂದು ನೆನಪಿಗೆ ಬರಲಿಲ್ಲ. "ನೀವಽ ಹೇಳ್ರಿ ಅಕ್ಕಾ, ಹ್ಯಾಂಗಿರ್ತದ?" ಎಂದೆ.

ಅಕ್ಕ ಹೇಳಲು ಹೊರಟರು. ಬಟ್ಟಲಿಗೆ ಬೆರಳಿಟ್ಟು ಇನ್ನೊಮ್ಮೆ ನೆಕ್ಕಿ ನೋಡಿದರು. "ಅದನ್ನ ಹ್ಯಾಂಗ ಹೇಳೂದು ಹುಚ್ಚಿ. ತಿಂದವರಿಗೆ ಗೊತ್ತು" ಎಂದರು.

ಹೌದು, ತಿಂದವರಿಗೆ ಗೊತ್ತು. ಆ ಪಂಕ್ತಿಯಲ್ಲಿ ನಾನು ಯಾವತ್ತೂ ಕೂತಿರಲಿಲ್ಲ, ಬಡಿಸುತ್ತಿದ್ದೆ.