ಎರಡು ಕ್ಯಾನಿನ ಮುಂಜಾನೆ

ನಿಪ್ಪಾಣಿಯ ನಮ್ಮ ಪುಟ್ಟ ಕಚೇರಿಯಲ್ಲಿ ಹಾಲಿನ ಡೇರಿಗಳಿಗಾಗಿ ಸಾಫ್ಟ್‌ವೇರ್ ಸಿದ್ಧವಾಗುತ್ತದೆ. ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ತೂಕದ ಯಂತ್ರ, ಹಾಲಿನ ಕೊಬ್ಬನ್ನು ಅಂದರೆ ಫ್ಯಾಟ್ ಅಳೆಯುವ ಯಂತ್ರ, ಚೀಟಿ ಮುದ್ರಿಸುವ ಪ್ರಿಂಟರ್ ಮೂರನ್ನೂ ಹೊಸ ಆವೃತ್ತಿಯೊಂದಿಗೆ ಬೇರೆ ಬೇರೆಯಾಗಿ ನೋಡಿ ಮುಗಿಸಿದ್ದೆ. ಮೂರೂ ಒಟ್ಟಾಗಿ ನಿಜವಾದ ಡೇರಿಯಲ್ಲಿ ಓಡುವುದನ್ನು ಮಾತ್ರ ನೋಡಿರಲಿಲ್ಲ.

ಅಥಣಿ, ರಾಯಬಾಗ, ಕಾಗವಾಡದ ಡೇರಿಗಳಿಗೆಲ್ಲ ಸೋಮವಾರವೇ ಹೊಸ ಆವೃತ್ತಿ ಕೊಡುವುದಾಗಿ ನಮ್ಮ ಕಂಪನಿಯ ಮಾಲೀಕರು ಮಾತು ಕೊಟ್ಟಿದ್ದರು. ಸ್ವಲ್ಪ ತಡೆಯಿರಿ ಎನ್ನಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ‘ಇನ್ನೂ ಖಚಿತವಿಲ್ಲ’ ಎಂದರೆ ‘ಕಲಿತದ್ದು ಸಾಲದು’ ಎಂದು ಕೇಳಿಸೀತೆಂಬ ಅಳುಕು. ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಜೋಡಿಸಿಕೊಂಡು, ಮೊದಲು ಒಂದೇ ಡೇರಿಯಲ್ಲಿ ಓಡಿಸಿ ನೋಡೋಣವೇ ಎಂದು ಕೊನೆಗೂ ಕೇಳಿದೆ.

“ಎಲ್ಲಾ ನೋಡೀನಿ ಅಂತ ನೀವ ಹೇಳಿದ್ರಿ. ಮತ್ತ್ಯಾಕ ಅಂಜಾಕತ್ತೀರಿ?” ಎಂದರು ಮಾಲೀಕರು. ಆದರೂ ಸದಲಗಾದ ಒಂದು ಡೇರಿಯಲ್ಲಿ ಮುಂಜಾನೆಯ ಹಾಲು ಮುಗಿಯುವವರೆಗೆ ನೋಡಲು ಒಪ್ಪಿದರು. ಮಧ್ಯಾಹ್ನ ಮಾತ್ರ ಆವೃತ್ತಿ ಎಲ್ಲೆಡೆ ಹೋಗಲೇಬೇಕು ಎಂದರು.

ಸೋಮವಾರ ಸದಲಗಾದಲ್ಲಿ ಅರ್ಧ ಸರದಿ ಸಾಗಿದರೂ ಒಂದೂ ತಪ್ಪು ಬರಲಿಲ್ಲ. ವೃಥಾ ತಡಮಾಡಿಸಿದೆನೆಂದು ನಾಚಿಕೆಯಾಗತೊಡಗಿತು. ಆಗ ಒಬ್ಬ ಹೆಂಗಸು ಎರಡು ಕ್ಯಾನ್ ಇಟ್ಟರು: ಒಂದರಲ್ಲಿ ಆಕಳ ಹಾಲು, ಇನ್ನೊಂದರಲ್ಲಿ ಎಮ್ಮೆಯದು. ಎರಡಕ್ಕೂ ಅವರದೇ ಸದಸ್ಯ ಸಂಖ್ಯೆ. ಎರಡನೆಯ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ನನ್ನ ಕಡೆ ತಿರುಗಿದರು.

“ಏನ ತಂಗಿ, ನಿನ್ನ ಕಂಪ್ಯೂಟರ್ ನಮ್ಮ ಎಮ್ಮಿನ್ನ ಆಕಳಾ ಮಾಡೇತಲ್ಲ?”

ಸರದಿಯಲ್ಲಿದ್ದವರು ನಕ್ಕರು. ಎರಡೂ ಚೀಟಿಗಳಲ್ಲಿ ಒಂದೇ ಫ್ಯಾಟ್ ಇತ್ತು; ಎಮ್ಮೆ ಹಾಲಿಗೆ ಹೆಚ್ಚು ಬರಬೇಕು, ದುಡ್ಡು ಸಿಗುವುದೂ ಅದರ ಮೇಲೆಯೇ. ಸದಸ್ಯ ಸಂಖ್ಯೆ ಬದಲಾಗುವವರೆಗೆ ನಮ್ಮ ಸಾಫ್ಟ್‌ವೇರ್ ಮೊದಲ ಅಳತೆಯನ್ನೇ ಹಿಡಿದುಕೊಂಡಿರುತ್ತಿತ್ತು. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ನಮ್ಮ ಮನೆಯಲ್ಲಿರುವುದು ಒಂದೇ ಎಮ್ಮೆ. ಅವ್ವ ಡೇರಿಗೆ ಒಯ್ಯುವುದು ಒಂದೇ ಕ್ಯಾನ್. ನಾನು ಬರೆದ ಪರೀಕ್ಷೆಗಳಲ್ಲೂ ಎಲ್ಲರ ಕೈಯಲ್ಲಿ ಒಂದೇ ಕ್ಯಾನ್ ಇತ್ತು.

ಆ ಚೀಟಿಯನ್ನು ಪೆನ್ನಿನಿಂದ ತಿದ್ದಿಸಿ, ಬೈಸಿಕೊಳ್ಳಲು ಸಿದ್ಧಳಾಗಿಯೇ ಮಾಲೀಕರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ.

“ಒಂದ ಊರಾಗ ಸಿಕ್ತು, ಚಲೋ ಆತು. ಎಲ್ಲಾ ಕಡೆ ಹೋಗಿದ್ರ ಮಾರಿ ತೋರ್ಸಾಕ ಆಗ್ತಿದ್ದಿಲ್ರಿ.”

ಸಂಜೆಯ ಹಾಲಿನ ಹೊತ್ತಿಗೆ ತಿದ್ದಿದ ಆವೃತ್ತಿ ಬಂತು. ಅದೇ ಹೆಂಗಸು ಮತ್ತೆ ಎರಡು ಕ್ಯಾನ್ ಇಟ್ಟರು. ಆಕಳ ಫ್ಯಾಟ್ ಬೇರೆ, ಎಮ್ಮೆಯದು ಬೇರೆ ಬಂತು. ಉಳಿದ ಡೇರಿಗಳಿಗೆ ಮಂಗಳವಾರ ಕಳುಹಿಸಿದೆವು. ಒಂದು ದಿನ ತಡವಾದದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಈಗ ಪ್ರತಿ ಆವೃತ್ತಿಯೂ ಮೊದಲು ಸದಲಗಾದಲ್ಲಿ ಒಂದು ಮುಂಜಾನೆ, ಒಂದು ಸಂಜೆ ಕಳೆಯುತ್ತದೆ. ಮಾಲೀಕರು ಮಾತು ಕೊಡುವಾಗಲೇ ಆ ದಿನವನ್ನು ಸೇರಿಸಿ ಹೇಳುತ್ತಾರೆ. ನಾನು ಕೇಳಬೇಕಾಗಿ ಬರುವುದಿಲ್ಲ.